ಸಿದ್ದಕ್ಕನವರ ಹಸಿರು ಸೀರೆಯನ್ನು ತೋರಿಸಿ

ವಿಶೇಷ ವರದಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ಖಾನಾಪುರ ತಾಲೂಕಿನಲ್ಲಿ, ಹಲಸಿಯ ಆಚೆಗಿನ ಕುರಿಗಾರರ ಹಟ್ಟಿಯೊಂದರಲ್ಲಿ ಸಿದ್ದಕ್ಕ ಎಂಬ ತಾಯಿ ಇದ್ದಾರೆ. ಕಳೆದ ತಿಂಗಳು ನಿಮ್ಮ ವಾಹಿನಿ ಅವರ ಮರ್ಯಾದೆ ಕಳೆದಿದೆ. ಕ್ಯಾಮೆರಾ ಹಿಡಿದ ಕೈ ನನ್ನದು, ಪ್ರಸಾರ ಮಾಡಿದ ಕೈ ನಿಮ್ಮದು. ನನ್ನ ಪಾಲನ್ನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ. ನಿಮ್ಮ ಪಾಲಿನ ಬಗ್ಗೆ ಈ ಬಹಿರಂಗ ಪತ್ರದಲ್ಲಿ ಊರೆದುರಿಗೇ ಕೇಳುತ್ತಿದ್ದೇನೆ, ಏಕೆಂದರೆ ಫೋನ್ ಮಾಡಿದಾಗಲೆಲ್ಲ ತಾವು ಮೀಟಿಂಗಿನಲ್ಲಿರುತ್ತೀರಿ.

ಬೆಳಗಾವಿಯ ಹೋಟೆಲೊಂದರ ಹಾಲಿನಲ್ಲಿ ನಮ್ಮಂಥ ಅರೆಕಾಲಿಕ ವರದಿಗಾರರನ್ನು ಕೂಡಿಸಿ ತಾವು ಪಾಠ ಮಾಡಿದ್ದಿರಿ. ಸುದ್ದಿಯನ್ನು ಕಥೆಯಾಗಿ ಹೇಳಿ ಎಂದಿರಿ. ಸಮಸ್ಯೆಗಿಂತ ಮುಂಚೆ ಒಂದು ಮುಖ ತೋರಿಸಿ, ಮೊದಲ ದೃಶ್ಯಕ್ಕೇ ನೋಡುವವರ ಕೈಯ ರಿಮೋಟ್ ನಿಲ್ಲಬೇಕು, ನೀರಿನ ಸದ್ದು ನೀರಿನದೇ ಆಗಿರಲಿ, ಮಾತು ಮುಗಿದ ಮೇಲೂ ಕ್ಯಾಮೆರಾ ಮುಖವನ್ನು ಬಿಟ್ಟು ಹೋಗದಿರಲಿ ಎಂದಿರಿ. ಒಳ್ಳೆಯ ಪಾಠವೇ, ತಕರಾರಿಲ್ಲ. ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರಿಗಿಂತ ಹೆಚ್ಚು ತಲೆಯಾಡಿಸಿದವನು ನಾನೇ. ರವಿವಾರ ಪೇಟೆಯಲ್ಲಿ ಅಣ್ಣನ ಕಿರಾಣಿ ಅಂಗಡಿಯ ಮಾಳಿಗೆಯಿಂದ ನಿಮಗೆ ಮೆಣಸಿನಕಾಯಿ ದರ ಕಳಿಸಿಕೊಂಡು ಇದ್ದವನಿಗೆ ತಾನೂ ಕಥೆಗಾರನೆಂಬ ಹುಮ್ಮಸ್ಸು ಬಂದುಬಿಟ್ಟಿತು.

ಆ ಹಟ್ಟಿಯ ಮುಂದೆ ಹಳ್ಳವಿದೆ. ಅದಕ್ಕಿದ್ದ ಕಾಲುಸೇತುವೆ, ಹಟ್ಟಿಯವರ ಮಾತಿನ ‘ಪೂಲ’, ಮಳೆಗೆ ಕೊಚ್ಚಿಹೋಗಿ ಶಾಲೆಯ ಮಕ್ಕಳೂ ಬಸುರಿಯರೂ ಎದೆಮಟ್ಟದ ನೀರಿಗಿಳಿದು ದಾಟುತ್ತಾರೆ. ಟಿವಿಯವರು ಬರುತ್ತಾರೆಂದು ಸಿದ್ದಕ್ಕ ಅಂಗಳ ಸಾರಿಸಿ, ಹಸಿರು ಇಳಕಲ್ ಸೀರೆ ಉಟ್ಟು ಕಾಯುತ್ತಿದ್ದರು. "ಕುಂದರ್ರಿ, ಮೊದಲ ಚಾ ಕುಡೀರಿ. ಆಮ್ಯಾಲ ಹಳ್ಳದ ಕಡೆ ಹೋಗೂಣು" ಎಂದರು. ಕ್ಯಾಮೆರಾ ಶುರುವಾದಾಗ ಅವರು ಆಡಿದ ಮೊದಲ ಮಾತು ಇದು: "ಈ ಸೀರಿ ನನ್ನ ಮಗಾ ಯಲ್ಲೇಶ ಕೊಡಿಸ್ಯಾನ್ರೀ. ಬೆಳಗಾಂವದಾಗ ಫೌಂಡ್ರ್ಯಾಗ ದುಡೀತಾನ." ಹೇಳಿ ನಕ್ಕರು. ಆಮೇಲೆ ಹಳ್ಳದ ಮಾತು ಬಂತು. "ನನ್ನ ಸೊಸಿಗೆ ಹೆರಿಗಿ ಬ್ಯಾನಿ ಬಂದಾಗ ಮಂದಿ ಹೆಗಲ ಮ್ಯಾಲ ಹೊತ್ತು ದಾಟಿಸ್ಯಾರ. ನಮಗ ಮತ್ತೇನೂ ಬ್ಯಾಡ್ರೀ, ಒಂದ ಪೂಲ ಕಟ್ಟಿಸಿ ಕೊಡ್ರಿ."

ಇದನ್ನು ಅಲ್ಲಿಂದಲೇ ನಿಮಗೆ ಕಳಿಸಿದೆ. ನಿಮ್ಮ ಫೋನ್ ಬಂತು. "ಚೆನ್ನಾಗಿ ಮಾತಾಡ್ತಾರೆ, ಆದರೆ ಕಷ್ಟ ಕಾಣಿಸ್ತಾ ಇಲ್ಲವಲ್ಲ? ಮದುವೆಗೆ ಹೊರಟವರ ಹಾಗಿದ್ದಾರೆ" ಎಂದಿರಿ. ಸೀರೆ ಬದಲಿಸೆಂದು ತಾವು ಹೇಳಲಿಲ್ಲ. ಅಂಥ ಮಾತನ್ನು ತಾವು ಹೇಳುವುದಿಲ್ಲ, ಹೇಳದೆಯೇ ಆಗುವಂತೆ ಮಾಡುತ್ತೀರಿ. ಹೇಳಿದವನು ನಾನು.

"ಅಕ್ಕಾರ, ಹಳೀ ಸೀರಿ ಒಂದೂ ಇಲ್ಲೇನ್ರಿ?"

"ಹಳೀವೆಲ್ಲಾ ಕೌದಿ ಹೊಲ್ಯಾಕ ತಗದಿಟ್ಟೀನ್ರೀ, ಮೊಮ್ಮಗಗ ಹೊಚ್ಚಾಕ."

"ಅದರಾಗಿಂದ ಒಂದು ಉಟ್ಟ ಬರ್ರಿ."

"ಮಂದಿ ನೋಡೂಮುಂದ ಹರಕ ಉಟಗೊಂಡ ಕುಂದರ್ಲೇನ್ರೀ?"

"ಪೂಲ ಬೇಕಂದ್ರ ಹಂಗ ಮಾಡಬೇಕಾಗ್ತದ್ರೀ" ಎಂದೆ. ಅವರು ಒಳಗೆ ಹೋಗಿ ಕೌದಿಗೆ ತೆಗೆದಿಟ್ಟಿದ್ದ ಸೀರೆಯೊಂದನ್ನು ಉಟ್ಟು ಬಂದರು.

ಮುಂದಿನದು ತಮಗೆ ಗೊತ್ತು. ಮೊದಲ ದೃಶ್ಯದಲ್ಲಿ ಹರಿದ ಸೆರಗು, ಅದರ ಹಿಂದೆ ಅಳುವ ಕೊಳಲು. ಹಳ್ಳ ಕೊನೆಗೆ ಬಂದು ಕಣ್ಣು ಮಿಟುಕಿಸುವುದರೊಳಗೆ ಹೋಯಿತು. ನಾಡಿನ ಕರುಳು ಚುರುಕ್ ಎಂದಿತು, ಸುಳ್ಳಲ್ಲ. ತಾವು ಪರದೆಯ ಮೇಲೆ ಹಾಕಿದ ವಿಳಾಸ ನೋಡಿ ಎಲ್ಲೆಲ್ಲಿಂದಲೋ ನಮ್ಮ ಅಂಗಡಿಗೆ ಸೀರೆಯ ಪಾರ್ಸಲ್ಲುಗಳು ಬಂದು ಬಿದ್ದವು. "ಕಿರಾಣಿ ಬಿಟ್ಟು ಜವಳಿ ಅಂಗಡಿ ತಗೀಯೂಣೇನು?" ಎಂದು ಅಣ್ಣ ಕೇಳಿದ. ಸೇತುವೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಕೇಳುವುದಾದರೂ ಹೇಗೆ? ನಾವು ತೋರಿಸಿದ್ದು ಸೀರೆಯನ್ನಲ್ಲವೇ?

ದೇಸೂರಿನಲ್ಲಿ ಸಿದ್ದಕ್ಕನ ತಮ್ಮ ಭರಮಣ್ಣ ಓಣಿಯ ಜನರ ಜೊತೆ ಕುಳಿತು ಅದನ್ನು ನೋಡಿದ. ಮರುದಿನವೇ ಹಟ್ಟಿಗೆ ಬಂದು, ರಜೆಗೆ ಬಂದಿದ್ದ ಯಲ್ಲೇಶನನ್ನು ನಾಲ್ಕು ಜನರ ಮುಂದೆ ಹಿಡಿದು ನಿಲ್ಲಿಸಿದ. "ನೌಕರಿ ಮಾಡ್ತಿ, ಹಡದಾಕಿಗೆ ಒಂದ ಸೀರಿ ಕೊಡಸಾಕ ಆಗಂಗಿಲ್ಲೇನ್ಲೇ?" ಟಿವಿಯವರು ಉಡಿಸಿದ್ದು ಎಂದು ಸಿದ್ದಕ್ಕ ಎಷ್ಟು ಹೇಳಿದರೂ, ಮಗನ ತಪ್ಪು ಮುಚ್ಚಿಹಾಕುತ್ತಿದ್ದಾಳೆಂದೇ ಎಲ್ಲರೂ ತಿಳಿದರು. ಯಲ್ಲೇಶ ತಾಯಿಗೆ ಒಂದೇ ಮಾತು ಕೇಳಿದನಂತೆ: "ಅವ್ವಾ, ಅದನ್ನ ಉಡೂಮುಂದ ನನ್ನ ನೆನಪ ಬರ್ಲಿಲ್ಲೇನು?" ಹೆಂಡತಿ, ಮಗುವನ್ನು ಕರೆದುಕೊಂಡು ಬೆಳಗಾವಿಗೆ ಹೋದವನು ಇನ್ನೂ ಬಂದಿಲ್ಲ. ಫೋನೂ ಎತ್ತುತ್ತಿಲ್ಲ.

ಪಾರ್ಸಲ್ಲುಗಳನ್ನು ಹೊತ್ತು ನಾನೇ ಹಟ್ಟಿಗೆ ಹೋದೆ. ಸಿದ್ದಕ್ಕ ಒಂದನ್ನೂ ಬಿಚ್ಚಲಿಲ್ಲ. "ಹೊಸಾವು ಕೌದಿಗೆ ಬರೂದಿಲ್ರೀ, ಒಯ್ರಿ" ಎಂದು, ಮೂಲೆಯಲ್ಲಿ ಅರ್ಧಕ್ಕೆ ನಿಂತಿದ್ದ ಕೌದಿಯನ್ನು ಬದಿಗೆ ಸರಿಸಿ ನನಗೆ ಕೂರಲು ಜಾಗ ಮಾಡಿದರು. ಚಹಾ ಕೊಟ್ಟರು. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆ ಚಹಾ ಕುಡಿಯುವಾಗ ನನಗೆ ನನ್ನ ಮೇಲೆ ಹೇಸಿಗೆ ಆಯಿತು. ಈಗಲೂ ಆಗುತ್ತಿದೆ.

ಮಾನ್ಯರೇ, ನೆಟ್ಟಗೆ ಉಟ್ಟುಕೊಂಡ ಹೆಂಗಸಿಗೆ ಸೇತುವೆ ಕೇಳುವ ಹಕ್ಕಿಲ್ಲವೇ? ತೆರಿಗೆ ಕಟ್ಟುವ ಜನ ತಮ್ಮದನ್ನು ತಾವು ಕೇಳಲು ಮೊದಲು ಭಿಕ್ಷುಕರ ವೇಷ ಹಾಕಬೇಕೇ? ಇದನ್ನು ನಾನು ಆ ದಿನ ಹಟ್ಟಿಯಲ್ಲೇ, ನಿಮ್ಮ ಫೋನ್ ಬಂದಾಗಲೇ ಕೇಳಬೇಕಿತ್ತು.

ಬೇಡಿಕೆ ಒಂದೇ. ಮೊದಲ ಚಿತ್ರೀಕರಣ ನಿಮ್ಮ ಕಚೇರಿಯಲ್ಲಿದೆ, ನನ್ನ ಬಳಿ ಉಳಿದಿಲ್ಲ. ಅದನ್ನು ಅದೇ ಕಾರ್ಯಕ್ರಮದಲ್ಲಿ, ಅದೇ ಹೊತ್ತಿಗೆ, ದೇಸೂರಿನವರೂ ಯಲ್ಲೇಶನೂ ನೋಡುವಂತೆ ಪ್ರಸಾರ ಮಾಡಿ. ಹರಕು ಸೀರೆ ಉಡಿಸಿದವನ ಹೆಸರನ್ನೂ ಹಾಕಿ, ನನ್ನ ಅಭ್ಯಂತರವಿಲ್ಲ. ಕೊಳಲು ಮಾತ್ರ ಬೇಡ. "ಈ ಸೀರಿ ನನ್ನ ಮಗಾ ಕೊಡಿಸ್ಯಾನ್ರೀ" ಎಂಬಲ್ಲಿಂದಲೇ ಶುರುವಾಗಲಿ. ಮಾತು ಮುಗಿದ ಮೇಲೂ ಕ್ಯಾಮೆರಾ ಮುಖವನ್ನು ಬಿಡಬಾರದೆಂದು ಕಲಿಸಿದವರು ತಾವು. ಆ ಮಾತು ಮುಗಿದ ಮೇಲೆ ಸಿದ್ದಕ್ಕ ನಕ್ಕಿದ್ದಾರೆ. ಅದನ್ನು ಕತ್ತರಿಸಬೇಡಿ.

ಇಂತಿ,
ಪಾಠವನ್ನು ಅಗತ್ಯಕ್ಕಿಂತ ಚೆನ್ನಾಗಿ ಕಲಿತ ತಮ್ಮ ವಿದ್ಯಾರ್ಥಿ
ಗಜಾನನ
ರವಿವಾರ ಪೇಟೆ, ಬೆಳಗಾವಿ