ನೀಲಗಂಗವ್ವನವರ ಕೈಬರಹ

ಜೂನ್ 9, ಇಳಕಲ್ಲು

ಹಳೆಯ ಕೈಬರಹ ಕೂಡಿಸಿಟ್ಟ ಆಲ್ಬಮ್ಮಿನ ಹಾಳೆಗಳಿಗೆ ಗಾಳಿ ಆಡಿಸಿದೆ. ಮಳೆ ಹಿಡಿದರೆ ಬೂಸ್ಟು ಬರುತ್ತದೆ. ದಿವಾನರೊಬ್ಬರ ಸಹಿ, ಹಳೆಯ ಗವಾಯಿಗಳ ಕಾರ್ಡು... ಹಲ್ಲಿನ ಡಾಕ್ಟರಾದ ನನಗೆ ಇದೆಂಥ ಹುಚ್ಚು ಎಂದು ಗಂಡ ಮಹಮ್ಮದ್ ನಗುತ್ತಾರೆ. ಮಗಳು ನರ್ಗೀಸಳೂ ಈಗ ಅಪ್ಪನ ಪಾರ್ಟಿ.

ಬದಾಮಿಯ ಅಂದಪ್ಪ ಬಂದಿದ್ದ. ಹಳೆ ಕಾಗದ ಮಾರುವವನು. ತಂದದ್ದು ನೀಲಗಂಗವ್ವನವರ ಪತ್ರ. ಸ್ವಾತಂತ್ರ್ಯ ಚಳವಳಿಯಲ್ಲಿ ಕರನಿರಾಕರಣೆ ಮಾಡಿ ಜೈಲಿಗೆ ಹೋದವರು, ಅಲ್ಲಿಂದ ಮಗಳಿಗೆ ಬರೆದದ್ದು. ಪೆನ್ಸಿಲ್ ಅಕ್ಷರ. ‘ನಾನು ಬರುವತನಕ ಅಜ್ಜಿಯ ಕೈಲಿ ಹೆರಳು ಹಾಕಿಸಿಕೊ. ಬಿಗಿಯಾಯಿತೆಂದು ಅಳಬೇಡ.’

“ಯಾರ ಕಡೆಯಿಂದ ಬಂತು?”

“ಅವರ ಮನಿತನದವ್ರ ಕಡಿಂದರೀ ಮ್ಯಾಡಮ್ಮಾರ.”

ತೆಗೆದುಕೊಂಡೆ. ದಿನವಿಡೀ ಹಿಗ್ಗು.

ಜೂನ್ 12

ಪೇಪರಿನಲ್ಲಿ ಸುದ್ದಿ. ಕಲಾದಗಿ ಹತ್ತಿರದ ನೀಲಗಂಗವ್ವ ಸ್ಮಾರಕ ಭವನದಲ್ಲಿ ಹೋದ ವಾರ ಕಳ್ಳತನ. ಗಾಜು ಒಡೆದು ಪತ್ರಗಳನ್ನು ಒಯ್ದಿದ್ದಾರೆ. ಅಡ್ಡ ಬಂದ ಕಾವಲುಗಾರ ಕಾಶಪ್ಪನ ತಲೆಗೆ ಪೆಟ್ಟು. ಬಾಗಲಕೋಟೆಯ ದವಾಖಾನೆಯಲ್ಲಿದ್ದಾನೆ, ಎಚ್ಚರವಿಲ್ಲ.

ಪತ್ರವನ್ನು ಬೆಳಕಿಗೆ ಹಿಡಿದೆ. ಹಿಂಬದಿ ಮೂಲೆಯಲ್ಲಿ ಬ್ಲೇಡಿನಿಂದ ಕೆರೆದ ಗುರುತು. ಅಳಿಯದೆ ಉಳಿದ ನೇರಳೆ ಸೀಲಿನ ಅಂಚು, ಭವನದ್ದೇ ಇರಬೇಕು.

ಅಂದಪ್ಪನ ಫೋನು ಸ್ವಿಚ್ ಆಫ್.

ಜೂನ್ 13

ಮಹಮ್ಮದರಿಗೆ ಹೇಳಿದೆ. ಊಟ ಬಿಟ್ಟು ಕುಳಿತರು.

“ಪೊಲೀಸರಿಗೆ ಕೊಟ್ಟು ಬಿಡೂಣ,” ಎಂದೆ.

“ಎಲ್ಲಿಂದ ಬಂತು ಅಂತ ಕೇಳ್ತಾರ. ಅಂದಪ್ಪ ಇಲ್ಲ. ಮೊದಲ ಹಿಡಿಯೂದು ನಮ್ಮನ್ನ. ಸ್ವಲ್ಪ ತಡಿ ಅಬೇದಾ.”

ತಡೆದೆ. ಗೇಟು ಸದ್ದಾದರೆ ಮೊದಲು ಕಿಟಕಿಯಿಂದ ನೋಡುತ್ತೇನೆ.

ಜೂನ್ 18, ಮಧ್ಯಾಹ್ನ

ಕ್ಲಿನಿಕ್‌ನಲ್ಲಿ ಒಬ್ಬಳೇ ಇದ್ದೆ. ಹೊಸ ಪೇಶಂಟ್, ಬಿಳಿ ಶರ್ಟು. ದವಡೆ ನೋವೆಂದ. ಬಾಯಿ ತೆರೆಸಿದೆ. ಒಂದು ಹುಳುಕೂ ಇಲ್ಲ.

ಕನ್ನಡಿ ಹಿಡಿದಿದ್ದ ನನ್ನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ಬದಿಗೆ ಸರಿಸಿದ.

“ಅಂದಪ್ಪ ನಮ್ಮ ಮಾಲು ಕೇಳಲಾರದ ನಿಮಗ ಕೊಟ್ಟಾನ್ರಿ. ನಾಳಿ ಬರ್ತೇನಿ. ತಗದ ಇಡ್ರಿ.”

“ಯಾವ ಮಾಲು?”

“ನಿಮ್ಮ ನರ್ಗೀಸ ಈಗ ಎಂಟನೇ ಕ್ಲಾಸ ಅಲ್ರಿ?”

ಬಾಯಿ ಮುಕ್ಕಳಿಸಿ, ಒರೆಸಿಕೊಂಡು, ನಮಸ್ಕಾರ ಹೇಳಿ ಹೋದ. ಕುರ್ಚಿಯ ದೀಪ ಆರಿಸದೆಯೇ ಕ್ಲಿನಿಕ್ಕಿಗೆ ಬೀಗ ಹಾಕಿದೆ.

ಅದೇ ದಿನ, ಸಂಜೆ

ನಡೆದದ್ದನ್ನು ಕೇಳಿ ಮಹಮ್ಮದ್ ಗ್ಯಾಸ್ ಹಚ್ಚಿದರು. “ಸುಟ್ಟು ಬಿಡು. ಇದ್ದರ ತಾನ ಕೇಳೂದು?”

ಪತ್ರ ಕೈಯಲ್ಲಿತ್ತು. ಸುಟ್ಟರೂ ಅವನು ನಾಳೆ ಬರುತ್ತಾನೆ. ಆ ತಾಯಿಯ ಅಕ್ಷರ ಮಾತ್ರ ಮತ್ತೆ ಬರುವುದಿಲ್ಲ. ಗ್ಯಾಸ್ ನಾನೇ ಆರಿಸಿದೆ.

ಜೂನ್ 19

ನರ್ಗೀಸಳನ್ನು ಹುನಗುಂದಕ್ಕೆ, ಅತ್ತೆಯ ಮನೆಗೆ ಬಿಟ್ಟೆವು. ಎಕ್ಸ್‌ರೇ ಕವರಿನಲ್ಲಿ ಪತ್ರ, ಚೀಲದಲ್ಲಿ ಆಲ್ಬಮ್ಮು. ಅಲ್ಲಿಂದ ಬಾಗಲಕೋಟೆಯ ಬಸ್ ಹತ್ತಿದೆವು. ಅಮೀನಗಡದಲ್ಲಿ ಬಸ್ ನಿಂತಾಗ ಹತ್ತಿದ ಪ್ರತಿಯೊಬ್ಬನ ಮುಖ ನೋಡಿದೆ.

ಠಾಣೆಯಲ್ಲಿ ಎಲ್ಲ ಹೇಳಿದೆ. ಆಲ್ಬಮ್ಮನ್ನೂ ಇಟ್ಟುಕೊಂಡರು.

“ಜಿಲ್ಲಾ ಬಿಟ್ಟು ಹೋಗಬ್ಯಾಡ್ರಿ,” ಎಂದರು ಮಹಿಳಾ ಇನ್‌ಸ್ಪೆಕ್ಟರ್. ಸಾಕ್ಷಿಗೋ, ಆರೋಪಿಗೋ ಹೇಳಿದ್ದು? ತಿಳಿಯಲಿಲ್ಲ.

ಜೂನ್ 24

ಅಂದಪ್ಪ ಸಿಕ್ಕಿದ್ದಾನೆ. ಬಿಳಿ ಶರ್ಟಿನವನು ಸಿಕ್ಕಿಲ್ಲ, ಕ್ಲಿನಿಕ್ಕಿಗೂ ಮತ್ತೆ ಬಂದಿಲ್ಲ. ಕಾಶಪ್ಪನಿಗೆ ಎಚ್ಚರ ಬಂದಿದೆಯಂತೆ. ಕಳ್ಳರ ಮುಖ ಕಂಡವನು ಅವನೊಬ್ಬನೇ.

ಜೂನ್ 25, ಬಾಗಲಕೋಟೆ ದವಾಖಾನೆ

ಕಾಶಪ್ಪನನ್ನು ನೋಡಲು ಒಬ್ಬಳೇ ಬಂದೆ. ಮಲಗಿದ್ದ. ಹೆಂಡತಿ ಸಂಗವ್ವನಿಗೆ ನನ್ನ ಹೆಸರು ಹೇಳಿದೆ. ಕೈ ಹಿಡಿದುಕೊಂಡಳು.

“ಪತ್ರ ತಿರುಗಿ ಕೊಟ್ಟವ್ರು ನೀವ ಏನವ್ವ? ನಿನ್ನಿ ನಿಮ್ಮ ತಮ್ಮಾನೂ ಬಂದಿದ್ದ. ಹಣ್ಣು ಕೊಟ್ಟ. ಇವರಿಗೆ ಮಾತು ಬಂತೇನು ಅಂತ ಭಾಳ ಕಾಳಜಿಲೆ ಕೇಳಿದ. ಇವತ್ತೂ ಬರ್ತೇನಿ ಅಂದಾನ.”

ನನಗೆ ತಮ್ಮನಿಲ್ಲ.

ಠಾಣೆಗೆ ಫೋನ್ ಮಾಡಿದೆ. ಹೊರಟಿದ್ದಾರಂತೆ. ಸಂಗವ್ವನನ್ನು ಕಾಶಪ್ಪನ ಕೋಣೆಗೆ ಕಳಿಸಿ ಒಳಗಿನಿಂದ ಚಿಲಕ ಹಾಕಿಸಿದೆ. ನಾನು ಹೊರಗೆ, ಬಾಗಿಲಿಗೆ ಬೆನ್ನು ಕೊಟ್ಟು, ಕುರ್ಚಿ ಹಾಕಿಕೊಂಡು ಕುಳಿತಿದ್ದೇನೆ. ತೊಡೆಯ ಮೇಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಮನೆಗೆ ಹೋಗಬಹುದು. ಬಸ್ ಇದೆ. ಏಳುವುದಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ. ಪೊಲೀಸರಾದರೆ ಬೂಟಿನ ಸದ್ದು ಇರಬೇಕಿತ್ತು. ಇದು ಮೆಲ್ಲಗೆ, ಒಂದೊಂದೇ—