ಖಾಲಿ ಪಟ್ಟಿ

ಅಕ್ಕಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೆ ನನಗೆ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಈ ಕಾಗದ. ಕೊನೆಯವರೆಗೂ ಓದು, ಆಮೇಲೆ ಬೇಕಾದರೆ ಹರಿದು ಬಿಸಾಡು.

ಏಳನೇ ಹಾಸಿಗೆಯ ದರ್ಜಿ ಸತ್ತದ್ದು ನಿನ್ನಿಂದಲ್ಲ. ನನ್ನಿಂದ.

ತನಗೆ ಒಗ್ಗದ ಔಷಧಿಗಳನ್ನು ಆತ ಹೇಳುತ್ತಾ ಹೋದ, ನೀನು ಟೈಪ್ ಮಾಡುತ್ತಾ ಹೋದೆ. ಒಟ್ಟು ಹನ್ನೊಂದು. ಬೇರೆ ನರ್ಸ್ ಆಗಿದ್ದರೆ ಹೆಸರಷ್ಟೇ ಬರೆದು ಕೈತೊಳೆದುಕೊಳ್ಳುತ್ತಿದ್ದರು. ನೀನು ಯಾವುದರಿಂದ ಮೈ ಕೆರೆತ, ಯಾವುದರಿಂದ ಉಸಿರು ಕಟ್ಟುತ್ತದೆ ಎಂದು ಎಲ್ಲವನ್ನೂ ಬರೆದೆ. ಅಷ್ಟುದ್ದದ ಬರಹ ನಮ್ಮ ಆಸ್ಪತ್ರೆಯ ಹಳೆಯ ಕಂಪ್ಯೂಟರಿನಲ್ಲಿ ಹಿಡಿಸದೆ ಕೊನೆಯ ಭಾಗ ಕತ್ತರಿಸಿಹೋಯಿತು.

ಕಂಪ್ಯೂಟರಿಗೆ ಅದು ಬರೀ ಅಕ್ಷರಗಳ ಸಾಲು. ಅದನ್ನು ಬಿಡಿಸಿ ಡಾಕ್ಟರ ಪರದೆಗೆ ಪಟ್ಟಿ ಮಾಡಿಕೊಡುವುದು ನನ್ನ ಪ್ರೋಗ್ರಾಮಿನ ಕೆಲಸ. ಮೊದಲಿದ್ದ ಪ್ರೋಗ್ರಾಮು ಸಾಲಿನಲ್ಲಿ ಏನಿದ್ದರೂ ಅದನ್ನು ಅಪ್ಪಣೆಯೆಂದುಕೊಂಡು ನಡೆಸಿಬಿಡುತ್ತಿತ್ತು. ಯಾರಾದರೂ 'ಎಲ್ಲ ಅಳಿಸು' ಎಂದು ತುರುಕಿದ್ದರೆ ಅಳಿಸಿಯೇಬಿಡುತ್ತಿತ್ತು. ಅದನ್ನು ಕಿತ್ತು ಸುರಕ್ಷಿತವಾದದ್ದನ್ನು ಕೂರಿಸಿದೆ. ಅದು ಓದುತ್ತದೆ ಅಷ್ಟೆ, ಹೇಳಿದಂತೆ ಕುಣಿಯುವುದಿಲ್ಲ. ಸಾಲು ಅರ್ಧಂಬರ್ಧ ಇದ್ದರೆ ಓದಲಾಗದು ಎಂದು ನಿಂತುಬಿಡುತ್ತದೆ. ಹಾಗೆ ನಿಲ್ಲಲು ಬಿಡಬೇಕಿತ್ತು. "ದಿನಕ್ಕೆ ಹತ್ತು ಸಲ ಸ್ಕ್ರೀನ್ ನಿಂತ್ರೆ ಡಾಕ್ಟ್ರು ನನ್ನ ತಲೆ ತಿಂತಾರೆ, ಏನಾದ್ರೂ ಮಾಡಪ್ಪ" ಎಂದರು ಮ್ಯಾನೇಜರ್. ಓದಲಾಗದಿದ್ದರೆ ಪಟ್ಟಿ ಖಾಲಿ ಎಂದುಕೋ ಎಂದು ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಸೇರಿಸಿದೆ. ಆಮೇಲೆ ಪರದೆ ನಿಲ್ಲಲೇ ಇಲ್ಲ. ಎಲ್ಲರೂ ಭೇಷ್ ಎಂದರು, ನಾನೂ ಉಬ್ಬಿದೆ.

ದರ್ಜಿಯ ಹೆಸರಿನ ಮುಂದೆ 'ಒಗ್ಗದ ಔಷಧಿ: ಇಲ್ಲ' ಎಂದು ಬಂತು. ಡಾಕ್ಟರು ಅದನ್ನು ನಂಬಿ ಆ ಹನ್ನೊಂದರಲ್ಲೇ ಒಂದರ ಇಂಜೆಕ್ಷನ್ ಬರೆದರು.

ವಿಚಾರಣೆಯಲ್ಲಿ ಆಸ್ಪತ್ರೆಯವರು 'ನರ್ಸ್ ನಮೂದಿಸಿಲ್ಲ' ಎಂದು ಬರೆದುಕೊಂಡಾಗ ನಾನು ಅಲ್ಲೇ ಮೂಲೆಯ ಕುರ್ಚಿಯಲ್ಲಿದ್ದೆ. ಕತ್ತರಿಸಿದ ಆ ಸಾಲನ್ನು ಹಿಂದಿನ ದಿನವೇ ನೋಡಿದ್ದೆ. ಆದರೂ ಅದನ್ನು ಮುಚ್ಚಿಟ್ಟೆ. ಹೊರಗೆ ಬಂದು ನೀನು "ನಾನೇ ಸೇವ್ ಮಾಡೋದು ಮರೆತ್ನೇನೋ ಕಣೋ" ಎಂದೆ. ನಾನು ನಿನಗೆ ಕುಡಿಯಲು ನೀರು ತಂದುಕೊಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಇಂದು ಬೆಳಿಗ್ಗೆ ಎಲ್ಲವನ್ನೂ ಬರೆದು ಸಹಿ ಹಾಕಿ ವಿಚಾರಣೆಯವರಿಗೆ ಕೊಟ್ಟೆ. ಕೆಲಸ ಹೋಗುತ್ತದೆ, ಪೊಲೀಸರೂ ಬರಬಹುದು. ಬರಲಿ. ಹೊರಗೆ ದರ್ಜಿಯ ಹೆಂಡತಿ ಮರಣ ಪ್ರಮಾಣಪತ್ರಕ್ಕೆ ಕಾಯುತ್ತಿದ್ದರು. ಅವರಿಗೂ ಹೇಳಿದೆ. ಬೈಯಲಿಲ್ಲ, ಹೊಡೆಯಲೂ ಇಲ್ಲ. "ಹಂಗಾದ್ರೆ ನಮ್ಮೋರು ಹೇಳಿದ್ರಾ? ಹೇಳೋದು ಮರೆತು ಸತ್ರು ಅಂತ ದಿನಾ ಅವರನ್ನೇ ಬೈಕೊಂಡು ಅಳ್ತಿದ್ನಲ್ಲಪ್ಪ" ಎಂದರು.

"ಒಂದೂ ಬಿಡದೆ ಹೇಳಿದ್ರಮ್ಮ. ನಮ್ಮಕ್ಕ ಒಂದೂ ಬಿಡದೆ ಬರ್ಕೊಂಡ್ಲು" ಎಂದೆ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಇವತ್ತಾದರೂ ನಿನಗೆ ಕಣ್ತುಂಬ ನಿದ್ದೆ ಬರಲಿ.

ನಿನ್ನ ತಮ್ಮ