ಮಂಜೂಷಕ್ಕೆ ಯಾರ ಮೊಳ?

ಮಲ್ಲತ್ತಹಳ್ಳಿ
೧೮-೧೧-೨೦೨೫

ಮಗಳು ಧನ್ಯಶ್ರೀಗೆ ಅಪ್ಪನ ಆಶೀರ್ವಾದಗಳು.

ನಾವು ಇಲ್ಲಿ ಕ್ಷೇಮ. ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಎಂಬುದನ್ನು, ನಿನ್ನಮ್ಮ ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದೇನೆ. ಕಾಗದ ಎರಡು ವರ್ಷ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನೀನು ಚರ್ಚಿನಲ್ಲಿ ಮದುವೆಯಾದಾಗ ಇನ್ನು ನಿನ್ನ ಹತ್ತಿರ ಮಾತಾಡುವುದಿಲ್ಲ ಎಂದು ಆಣೆ ಇಟ್ಟೆನಲ್ಲ, ಬರೆಯುವುದಿಲ್ಲ ಎಂದು ಇಟ್ಟಿರಲಿಲ್ಲ. ಅದು ಹೋದ ವಾರವಷ್ಟೇ ಹೊಳೆಯಿತು.

ಇಲ್ಲೇ ಪಕ್ಕದ ನಿಮ್ಮ ಉಲ್ಲಾಳದ ಚರ್ಚಿನ ಪಾಸ್ಟರ್ ರಾಜೇಂದ್ರ ನನ್ನ ಅಂಗಡಿಗೆ ಬಂದಿದ್ದರು. ಚರ್ಚಿನ ವಾರ್ಷಿಕೋತ್ಸವಕ್ಕೆ, ದೇವರು ತನ್ನ ಆಜ್ಞೆಯ ಕಲ್ಲುಗಳನ್ನಿಡಲು ಮೋಶೆಗೆ ಹೇಳಿ ಮಾಡಿಸಿದ ಮಂಜೂಷದ ಪೆಟ್ಟಿಗೆಯಂಥದೇ ಒಂದು ಬೇಕಂತೆ. ಬೈಬಲ್ಲಿನ ಹಾಳೆ ಜೆರಾಕ್ಸ್ ಮಾಡಿಸಿ ತಂದಿದ್ದರು. ಓದಿ ದಂಗಾದೆ. ಉದ್ದ ಎರಡೂವರೆ ಮೊಳ, ಅಗಲ ಎತ್ತರ ಒಂದೂವರೆ ಮೊಳ, ಮರ ಜಾಲಿಯದೇ ಆಗಬೇಕು, ಹೊರುವ ಕೋಲು ತೂರಿಸಲು ಬಳೆ ನಾಲ್ಕು, ಒಳಗೂ ಹೊರಗೂ ಚಿನ್ನ. ನಲವತ್ತು ವರ್ಷದ ಬಡಗಿ ಕೆಲಸದಲ್ಲಿ ಇಷ್ಟು ಸ್ಪಷ್ಟವಾಗಿ ಹೇಳುವ ಗಿರಾಕಿಯನ್ನು ನಾನು ಕಂಡಿರಲಿಲ್ಲ. ನಮ್ಮ ಲೇಔಟಿನವರು ಮೊಬೈಲಿನಲ್ಲಿ ಫೋಟೋ ತೋರಿಸಿ, ಹೀಗೇ ಇರಲಿ, ಆದರೆ ಸ್ವಲ್ಪ ಬೇರೆ ಥರ ಇರಲಿ ಎನ್ನುತ್ತಾರೆ.

ಚಿನ್ನದ ಬದಲು ಬಣ್ಣ ಎಂದು ಒಪ್ಪಂದವಾಯಿತು. ಮುಚ್ಚಿದ ಪೆಟ್ಟಿಗೆಯ ಒಳಗೆ ಯಾರು ನೋಡುತ್ತಾರೆ ಎಂದು ಕೇಳಿದೆ. "ಮಾಡಿಸಿದವನು ನೋಡ್ತಾನಲ್ಲ ಸಾರ್" ಎಂದರು ಪಾಸ್ಟರ್. ನಾಚಿಕೆಯಾಗಿ ಒಳಗೆ ಎರಡು ಕೋಟ್ ಹೊಡೆದೆ.

ಎಡವಟ್ಟಾಗಿದ್ದು ಹೊದಿಕೆಯಲ್ಲಿ. ಪೆಟ್ಟಿಗೆಯನ್ನು ನನ್ನ ಮೊಳದಲ್ಲಿ ಮಾಡಿದೆ. ಹೊದಿಸುವ ನೀಲಿ ಬಟ್ಟೆ ಐದೂವರೆ ಮೊಳ ಎಂದು ನಿನ್ನಮ್ಮನಿಗೆ ಹೇಳಿದೆ. ಅವಳು ಹೊಸಹಳ್ಳಿ ಮೆಟ್ರೋ ಹತ್ತಿರ ಹೂವು ಮಾರುವ ಕೈಯಲ್ಲೇ ಅಳೆದು ಕತ್ತರಿಸಿದಳು. ಹೂವಿನವರ ಮೊಳ ನಿನಗೆ ಗೊತ್ತಲ್ಲ. ಹೊದಿಸಿದರೆ ಎರಡು ಕಡೆಯೂ ಗೇಣುದ್ದ ಪೆಟ್ಟಿಗೆ ಬರಿಮೈ.

ಇಪ್ಪತ್ತು ವರ್ಷದಿಂದ ಊರಿಗೆಲ್ಲ ಹೀಗೆ ಅಳೆದಿದ್ದೀಯಾ ಎಂದು ಕೇಳಿದ್ದೇ ತಪ್ಪಾಯಿತು. "ದೇವರಿಗೂ ಇದೇ ಮೊಳ, ಗಿರಾಕಿಗೂ ಇದೇ ಮೊಳ ಕಣ್ರೀ. ಬೇಕಾದ್ರೆ ನಿಮ್ ಪೆಟ್ಟಿಗೆ ಚಿಕ್ಕದ್ ಮಾಡಿ" ಎಂದಳು. ಮೂರು ದಿನ ಸಾರಿಗೆ ಉಪ್ಪಿಲ್ಲ. ಪಾಸ್ಟರ್ ರಾಜಿ ಮಾಡಿಸಲು ಬಂದು, ಇಬ್ಬರ ಮೊಳವನ್ನೂ ನೋಡಿ, ಪ್ರಾರ್ಥನೆ ಮಾಡಿ ಹೊರಟುಹೋದರು. ಮಗಳು ಹೇಳಿದರೆ ಮಾತ್ರ ಬೇರೆ ಬಟ್ಟೆ ಹರಿಯುವುದಾಗಿ ಅವಳು ಹಟ ಹಿಡಿದಿದ್ದಾಳೆ. ಹಾಗಾಗಿ ಭಾನುವಾರ ಪೆಟ್ಟಿಗೆಯ ಜೊತೆ ನಾವಿಬ್ಬರೂ ಬರುತ್ತೇವೆ. ನೀನೇ ನ್ಯಾಯ ಹೇಳಬೇಕು.

ನಿಜ ಹೇಳುತ್ತೇನೆ, ಬಟ್ಟೆ ಒಂದು ನೆವ. ನಿನ್ನನ್ನು ನೋಡಬೇಕೆಂದೇ ಈ ಕೆಲಸ ಒಪ್ಪಿಕೊಂಡೆ. ಗಂಡ ಹೆಂಡತಿ ನೂರು ಕಾಲ ತಣ್ಣಗಿರಿ.

ನಿನ್ನ ಅಪ್ಪ
ಉಗ್ರಪ್ಪ

ಮತ್ತೊಂದು ಮಾತು: ಮದುವೆಯ ಹಿಂದಿನ ದಿನ ನೀನು ಅಂಗಡಿ ಬಾಗಿಲಲ್ಲಿ ನಿಂತು ಮೂರು ಸಲ "ಅಪ್ಪಾ" ಎಂದು ಕರೆದೆ. ನಾನು ತಲೆ ಎತ್ತದೆ ಹಲಗೆ ಕೀಸುತ್ತಲೇ ಇದ್ದೆ. ಆ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಇವತ್ತಿನವರೆಗೂ ನಿನ್ನಮ್ಮನಿಗೆ ಹೇಳಿಕೊಂಡು ಬಂದಿದ್ದೇನೆ. ಕೇಳಿಸಿತ್ತು ಮಗಳೇ, ಮೂರು ಸಲವೂ. ಭಾನುವಾರ ಇನ್ನೊಂದು ಸಲ ಕರೆ.